ಹೊಸ ಆಟದ ಅಂಕ ನೋಡುವಾಗ

ಹೊಸ ಹೀರೋ ಶೂಟರ್ (ತನ್ನದೇ ಶಕ್ತಿಯ ಹೀರೋ ಆರಿಸಿ ತಂಡವಾಗಿ ಆಡುವ ಗುಂಡಿನಾಟ) ಬಂತೆಂದರೆ ಮಡಿಕೇರಿ, ವಿರಾಜಪೇಟೆಯ ಹುಡುಗರೂ ಮೊದಲು ನೋಡುವುದು ವಿಮರ್ಶೆಯ ಅಂಕವನ್ನೇ. ನೋಡಿ, ತಪ್ಪಿಲ್ಲ. ಅದನ್ನು ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂಬುದನ್ನೂ ನೋಡಿ.

2022ರ ಅಕ್ಟೋಬರಿನಲ್ಲಿ ಉಚಿತವಾಗಿ ಬಂದ ಓವರ್‌ವಾಚ್ 2ಕ್ಕೆ ವಿಮರ್ಶಕರು ಒಟ್ಟಾರೆ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. 2023ರ ಆಗಸ್ಟಿನಲ್ಲಿ ಅದೇ ಆಟ ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂದಾಗ, ಕೆಲವೇ ದಿನಗಳಲ್ಲಿ ಆಟಗಾರರು ಅದನ್ನು ಅಲ್ಲಿನ ಅತಿ ಕಳಪೆ ಅಂಕದ ಆಟವಾಗಿಸಿದರು. ಆಟದ ಸೊಗಸೇನೂ ಕೆಟ್ಟಿರಲಿಲ್ಲ. ಮಾತು ಕೊಟ್ಟಿದ್ದ, ಕಂಪ್ಯೂಟರ್ ಶತ್ರುಗಳ ವಿರುದ್ಧ ಆಡುವ ಹೀರೋ ಮೋಡ್ ಕೈಬಿಟ್ಟದ್ದು, ಹೆಜ್ಜೆಹೆಜ್ಜೆಗೂ ದುಡ್ಡು ಕೇಳಿದ್ದು ಜನರನ್ನು ಕೆರಳಿಸಿತ್ತು. 2024ರ ಡಿಸೆಂಬರಿನಲ್ಲಿ ಬಂದ ಮಾರ್ವೆಲ್ ರೈವಲ್ಸ್ ಎಲ್ಲ ಹೀರೋಗಳನ್ನೂ ಉಚಿತವಾಗಿಯೇ ಕೊಟ್ಟಿತು, ಜನ ಮೆಚ್ಚಿದರು.

ನಮ್ಮ ಕೊಡಗು ಜಿಲ್ಲೆಯ ಕಷ್ಟ ಮಾತ್ರ ಯಾವ ವಿಮರ್ಶೆಯಲ್ಲೂ ಇರುವುದಿಲ್ಲ. ರೈವಲ್ಸ್ ಬಿಡುಗಡೆಯಾದಾಗ ಕೇಳಿದ್ದ ಜಾಗ 70 ಜಿಬಿ. ಜುಲೈ ಮಳೆಗೆ ಮರ ಬಿದ್ದು ಕರೆಂಟು ಹೋಗಿ, ಸಿಗ್ನಲ್ ಒಂದು ಕಡ್ಡಿಗೆ ಇಳಿಯುವ ಮನೆಯಲ್ಲಿ ಅಷ್ಟನ್ನು ಇಳಿಸಿಕೊಳ್ಳುವುದೇ ಸಾಹಸ. ಪಂದ್ಯದ ನಡುವೆ ನೀವು ಮಾಯವಾದರೆ ತಂಡ ಸೋಲುತ್ತದೆ, ದಂಡ ನಿಮಗೂ ಬೀಳುತ್ತದೆ. ಹಾಗಾಗಿ ಭಾರತದ ಆಟಗಾರರು ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ) ಬಗ್ಗೆ ಬರೆದದ್ದನ್ನು ಹುಡುಕಿ ಓದಿ.

ದುಡ್ಡು ಹಾಕುವ ಮುಂಚೆಯೂ ಯೋಚಿಸಿ. ಸೋನಿ ಕಂಪನಿಯ ಕಾನ್ಕಾರ್ಡ್ ಎಂಬ ಹೀರೋ ಶೂಟರ್ 2024ರಲ್ಲಿ ಎರಡೇ ವಾರಕ್ಕೆ ಮುಚ್ಚಿತು. ದುಡ್ಡು ಕೊಟ್ಟು ಕೊಳ್ಳುವ ಆಟವಾಗಿದ್ದರಿಂದ ಬೆಲೆಯನ್ನು ಹಿಂದಿರುಗಿಸಿದರು. ಉಚಿತ ಆಟದಲ್ಲಿ ಹೀರೋನ ವೇಷ ಬದಲಿಸುವ ಸ್ಕಿನ್‌ಗೆ ಹಾಕಿದ ಹಣ ಹಾಗೆ ಮರಳುತ್ತದೆಂಬ ಭರವಸೆ ಬೇಡ. ಮೊದಲ ಒಂದೆರಡು ತಿಂಗಳು ಬರೀ ಆಡಿ. ಅಪ್ಪ ಅಮ್ಮಂದಿರೇ, ಯುಪಿಐ ಪಿನ್ ನಿಮ್ಮಲ್ಲೇ ಇರಲಿ.