ಪಿಟೀಲಿನ ತಂತಿ: ಕಡಿಮೆ ಖರ್ಚಿನಲ್ಲಿ ಸರಿಯಾದ ಆಯ್ಕೆ



ಯಾರಾದರೂ ಬೇಸರ ಬರುವಷ್ಟು ಮಾತನಾಡಿದರೆ ಕನ್ನಡದಲ್ಲಿ "ಪಿಟೀಲು ಕುಯ್ಯಬೇಡ" ಎನ್ನುತ್ತೇವೆ. ಹೊಸದಾಗಿ ಕಲಿಯುವವರ ಪಿಟೀಲು ಕೇಳಿದವರಿಗೆ ಈ ಮಾತಿನ ಅರ್ಥ ಬೇಗ ತಿಳಿಯುತ್ತದೆ. ಆದರೆ ಪಿಟೀಲು ಕಿರ್ರೆಂದಾಗಲೆಲ್ಲ ತಪ್ಪು ಮಗುವಿನ ಕೈಯದೇ ಆಗಿರುವುದಿಲ್ಲ. ಎರಡು ಮೂರು ವರ್ಷಗಳಿಂದ ಬದಲಾಯಿಸದ ತಂತಿಯೂ ಕಾರಣವಾಗಿರಬಹುದು. ಸವೆದ ತಂತಿಯ ಮೇಲೆ ಸರಿಯಾದ ಜಾಗದಲ್ಲಿ ಬೆರಳಿಟ್ಟರೂ ಸ್ವರ ತಪ್ಪುತ್ತದೆ. ಆಗ ಮಗು ತನ್ನ ಕಿವಿಯನ್ನೇ ನಂಬುವುದಿಲ್ಲ. ಮನೆಯವರು "ಇವಳಿಗೆ ಸಂಗೀತ ಒಗ್ಗದು" ಎಂದುಕೊಳ್ಳುತ್ತಾರೆ. ಪಿಟೀಲು ಮಂಚದ ಕೆಳಗೆ ಸೇರುತ್ತದೆ. ಒಂದು ಜೊತೆ ತಂತಿಯಿಂದ ತಪ್ಪಿಸಬಹುದಾದ ನಷ್ಟವಿದು. ಆದ್ದರಿಂದ ಈ ಬಾರಿಯ ಪಾಠದಲ್ಲಿ ತಂತಿಯ ವಿಷಯವನ್ನು ನೋಡೋಣ.

ಮೊದಲು ಕೆಲವು ಪದಗಳು

ಫಿಡ್ಲ್ ಎಂಬ ಪದವೇ ನಮ್ಮ ಬಾಯಲ್ಲಿ ಪಿಟೀಲು ಆಯಿತು. ತಂತಿಯನ್ನು ಸುತ್ತುವ ಮರದ ತಿರುಪು ಬಿರಡೆ. ತಂತಿಗಳನ್ನು ಎತ್ತಿ ಹಿಡಿದಿರುವ ತೆಳು ಮರದ ತುಂಡು ಕುದುರೆ. ನುಡಿಸುವ ಕೋಲು ಕಮಾನು. ಕಮಾನಿಗೆ ಹಚ್ಚುವ ರೋಸಿನ್ನಿಗೆ ರಾಳ ಎನ್ನುತ್ತೇವೆ. ಇನ್ನು ತಂತಿ ಎಂದರೆ ನಿಮ್ಮ ಅಜ್ಜ ಅಜ್ಜಿಯರಿಗೆ ಟೆಲಿಗ್ರಾಂ ಕೂಡ ನೆನಪಾಗುತ್ತದೆ. "ತಂತಿ ಬಂತು" ಎಂದರೆ ಮನೆಯವರೆಲ್ಲ ಗಾಬರಿಯಾಗುತ್ತಿದ್ದ ಕಾಲವಿತ್ತು. ಭಾರತದಲ್ಲಿ ಆ ಸೇವೆ 2013ರ ಜುಲೈನಲ್ಲಿ ನಿಂತಿತು.

ನಮ್ಮ ಸಂಗೀತಕ್ಕೆ ಬಂದ ಬಗೆ

ಯೂರೋಪಿನ ಈ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ಮೈಸೂರು ಸೀಮೆಯ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ನಾದ ತುಂಬಿ ಬರಬೇಕು, ಸಭೆಯ ಹಿಂದಿನ ಸಾಲಿನವರಿಗೂ ಕೇಳಬೇಕು ಎಂಬುದು ಅವರ ಗುರಿ. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ.

ತಂತಿ ನಿಜವಾಗಿ ಸವೆದಿದೆಯೇ?

ಹಣ ಖರ್ಚು ಮಾಡುವ ಮುನ್ನ ನಾಲ್ಕು ಪರೀಕ್ಷೆ ಮಾಡಿ.

1. ಬೆರಳಿಡುವ ಜಾಗದಲ್ಲಿ ತಂತಿ ಕಪ್ಪಾಗಿದೆಯೇ, ತುಕ್ಕು ಹಿಡಿದಿದೆಯೇ ನೋಡಿ.
2. ಮೇಲೆ ಸುತ್ತಿದ ಲೋಹದ ಎಳೆ ಎಲ್ಲಾದರೂ ಬಿಚ್ಚಿಕೊಂಡಿದೆಯೇ ಎಂದು ಉಗುರಿನಿಂದ ಸವರಿ ನೋಡಿ.
3. ಷಡ್ಜ ಮತ್ತು ಪಂಚಮಕ್ಕೆ ಸೇರಿಸಿದ ಅಕ್ಕಪಕ್ಕದ ಎರಡು ತಂತಿಗಳ ಮೇಲೆ ಒಂದೇ ಬೆರಳನ್ನು ನೇರವಾಗಿ ಅಡ್ಡ ಇಟ್ಟು ನುಡಿಸಿ. ಬಿಡಿ ತಂತಿಯಲ್ಲಿದ್ದ ಹೊಂದಾಣಿಕೆ ಬೆರಳಿಟ್ಟಾಗಲೂ ಇರಬೇಕು. ಇಲ್ಲದಿದ್ದರೆ ಎರಡರಲ್ಲಿ ಒಂದು ತಂತಿ ಸವೆದಿರುವ ಸಂಭವ ಹೆಚ್ಚು.
4. ತಂತಿಯ ಮೇಲಿನ ರಾಳದ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ನುಡಿಸಿ. ಕೆಲವೊಮ್ಮೆ ಇಷ್ಟರಿಂದಲೇ ಕರ್ಕಶತೆ ಹೋಗುತ್ತದೆ. ಆಗ ಖರ್ಚೇ ಇಲ್ಲ.

ಮೂರು ಬಗೆಯ ತಂತಿಗಳು

ತಂತಿಯ ಗುಣ ಮತ್ತು ಬೆಲೆ ಎರಡೂ ಮುಖ್ಯವಾಗಿ ಅದರ ತಿರುಳನ್ನು ಅವಲಂಬಿಸಿವೆ.

ಕರುಳಿನ ತಂತಿ: ಹಿಂದಿನ ಕಾಲದ್ದು. ಹೆಚ್ಚಾಗಿ ಕುರಿಯ ಕರುಳಿನಿಂದ ಮಾಡುತ್ತಾರೆ. ನಾದ ಮಧುರ, ಆದರೆ ಬೆಲೆ ಹೆಚ್ಚು. ಗಾಳಿಯ ತೇವ ಬದಲಾದರೆ ಶ್ರುತಿ ಕದಲುತ್ತದೆ. ಹೊರಗೆ ಸಮುದ್ರದ ತೇವ, ಒಳಗೆ ಏಸಿಯ ಒಣ ಗಾಳಿ ಇರುವ ನಮ್ಮ ಕೊಲ್ಲಿ ನಾಡಿನಲ್ಲಿ ವಿದ್ಯಾರ್ಥಿಗಳಿಗೆ ಇದು ಬೇಡ.

ಉಕ್ಕಿನ ತಿರುಳಿನ ತಂತಿ: ಬೆಲೆ ಕಡಿಮೆ, ಬಾಳಿಕೆ ಹೆಚ್ಚು, ಶ್ರುತಿ ಬೇಗ ನಿಲ್ಲುತ್ತದೆ. ನಾದ ಸ್ವಲ್ಪ ಚೂಪು. ಡಿ'ಅಡಾರಿಯೊ ಕಂಪನಿಯ ಪ್ರೆಲ್ಯೂಡ್ ಈ ಬಗೆಯದು. ಮೊದಲ ಒಂದೆರಡು ವರ್ಷಗಳ ಕಲಿಕೆಗೆ, ಚಿಕ್ಕ ಅಳತೆಯ ಪಿಟೀಲಿಗೆ ಇದು ಸಾಕು.

ಕೃತಕ ನೂಲಿನ ತಿರುಳಿನ ತಂತಿ: ನೈಲಾನ್ ಜಾತಿಯ ಎಳೆಯ ಮೇಲೆ ಲೋಹ ಸುತ್ತಿರುತ್ತಾರೆ. ಕರುಳಿನ ಮೃದುತ್ವಕ್ಕೆ ಹತ್ತಿರ, ತೇವದ ಕಾಟ ಕಡಿಮೆ. ವಿಯೆನ್ನಾದ ಥೊಮಾಸ್ಟಿಕ್ ಇನ್‌ಫೆಲ್ಡ್ ಕಂಪನಿ 1970ರಲ್ಲಿ ತಂದ ಡಾಮಿನೆಂಟ್ ಇದರಲ್ಲಿ ಹೆಸರಾದದ್ದು. ಪಿರಾಸ್ಟ್ರೊ ಕಂಪನಿಯ ಟೋನಿಕಾ ಕೂಡ ಇದೇ ಬಗೆಯದು. ಬೆಲೆ ಉಕ್ಕಿನ ಸಾಧಾರಣ ತಂತಿಗಿಂತ ಹೆಚ್ಚು. ಮಗು ನಿತ್ಯ ಅಭ್ಯಾಸಕ್ಕೆ ಕೂರುತ್ತಿದೆ, ನಾದದ ವ್ಯತ್ಯಾಸ ಗುರುತಿಸುತ್ತಿದೆ ಎಂದಾದಾಗ ಇದಕ್ಕೆ ಹಣ ಹಾಕುವುದು ಸಾರ್ಥಕ.

ಹೆಸರೇ ಇಲ್ಲದ, ತೀರಾ ಅಗ್ಗದ ತಂತಿಗಳ ಬಗ್ಗೆ ಎಚ್ಚರವಿರಲಿ. ಹೊಸದಾಗಿದ್ದಾಗಲೇ ಸ್ವರ ತಪ್ಪುವ ತಂತಿ ಎಷ್ಟು ಅಗ್ಗವಾದರೂ ನಷ್ಟವೇ. ಪ್ರಸಿದ್ಧ ತಂತಿಯೊಂದು ನಂಬಲಾಗದಷ್ಟು ಕಡಿಮೆ ಬೆಲೆಗೆ ಸಿಕ್ಕರೆ ಅದು ನಕಲಿಯೇ ಎಂದು ವಿಚಾರಿಸಿ.

ಶ್ರುತಿಯ ಲೆಕ್ಕ

ಪಾಶ್ಚಾತ್ಯ ಪದ್ಧತಿಯಲ್ಲಿ ದಪ್ಪ ತಂತಿಯಿಂದ ತೆಳುವಿಗೆ ಜಿ, ಡಿ, ಎ, ಇ ಎಂದು ಶ್ರುತಿ ಮಾಡುತ್ತಾರೆ. ನಮ್ಮಲ್ಲಿ ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ. ಐದು ಮನೆ ಶ್ರುತಿಗೆ, ಅಂದರೆ ಜಿ ಗೆ, ಸೇರಿಸಿದರೆ ಜಿ, ಡಿ, ಜಿ, ಡಿ ಆಗುತ್ತದೆ. ದಪ್ಪನೆಯ ಎರಡು ತಂತಿಗಳು ಹಾಗೆಯೇ ಉಳಿಯುತ್ತವೆ. ತೆಳುವಾದ ಎರಡನ್ನು ಒಂದೊಂದು ಸ್ವರ ಇಳಿಸಬೇಕು.

ವಿಜ್ಞಾನ ಓದುವವರು ಇಲ್ಲಿ ಗಮನಿಸಿ. ತಂತಿಯ ಬಿಗಿತ ಅದರ ಕಂಪನ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 440ರಲ್ಲಿದ್ದ ಎ ತಂತಿಯನ್ನು 392ರ ಜಿ ಗೆ ಇಳಿಸಿದರೆ ಕಂಪನ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಇಳಿಯುತ್ತದೆ, ಆದರೆ ಬಿಗಿತ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಕಂಪನವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿದರೆ ಉಳಿಯುವ ಬಿಗಿತ ಒಂಬತ್ತರಲ್ಲಿ ನಾಲ್ಕು ಪಾಲು, ಅಂದರೆ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದಲೇ ತಗ್ಗು ಶ್ರುತಿಯಲ್ಲಿ ತೆಳು ತಂತಿ ಜೋಲುತ್ತದೆ, ಗಮಕ ಹಿಡಿಯುವಾಗ ಬೆರಳಿಗೆ ಆಧಾರ ಸಿಗುವುದಿಲ್ಲ. ಹೀಗಿರುವಾಗ ದಪ್ಪದ ತಂತಿ ಕೇಳಿ. ಕೆಲವು ಪೊಟ್ಟಣಗಳ ಮೇಲೆ ಜರ್ಮನ್ ಪದಗಳಿರುತ್ತವೆ: ಮಿಟ್ಟೆಲ್ ಎಂದರೆ ಮಧ್ಯಮ, ಷ್ಟಾರ್ಕ್ ಎಂದರೆ ಬಲವಾದದ್ದು. ನಿಮ್ಮ ಶ್ರುತಿ ಯಾವುದು ಎಂದು ಗುರುಗಳನ್ನು ಕೇಳಿಕೊಂಡೇ ಅಂಗಡಿಗೆ ಹೋಗಿ.

ಉಳಿತಾಯದ ದಾರಿಗಳು

- ಬೇಗ ತುಂಡಾಗುವುದು ಸಾಮಾನ್ಯವಾಗಿ ತೆಳುವಾದ ಇ ತಂತಿ. ಅದೊಂದನ್ನೇ ಬಿಡಿಯಾಗಿ ಕೊಳ್ಳಬಹುದು. ಅದಕ್ಕಾಗಿ ಇಡೀ ಜೊತೆ ಬೇಡ. ಒಂದು ಹೆಚ್ಚಿನ ಇ ತಂತಿ ಪೆಟ್ಟಿಗೆಯಲ್ಲಿರಲಿ.
- ಪಿಟೀಲಿನ ಅಳತೆ ನೋಡಿ: ಅರ್ಧ, ಮುಕ್ಕಾಲು, ಪೂರ್ಣ. ಮುಕ್ಕಾಲು ಪಿಟೀಲಿಗೆ ಪೂರ್ಣ ಅಳತೆಯ ತಂತಿ ಸಡಿಲವಾಗುತ್ತದೆ.
- ಇ ತಂತಿಯ ತುದಿಯಲ್ಲಿ ಗುಂಡು ಇರುತ್ತದೆ ಅಥವಾ ಕುಣಿಕೆ ಇರುತ್ತದೆ. ನಿಮ್ಮ ಫೈನ್ ಟ್ಯೂನರಿಗೆ ಯಾವುದು ಬೇಕೆಂದು ಹಳೆಯ ತಂತಿ ನೋಡಿ ತಿಳಿಯಿರಿ.
- ಮಗು ಕೆಲವೇ ತಿಂಗಳಲ್ಲಿ ದೊಡ್ಡ ಪಿಟೀಲಿಗೆ ಬದಲಾಗುವುದಿದ್ದರೆ ಚಿಕ್ಕದಕ್ಕೆ ದುಬಾರಿ ತಂತಿ ಹಾಕಬೇಡಿ.
- ನುಡಿಸುವ ಮುನ್ನ ಕೈ ತೊಳೆಯುವುದು, ನುಡಿಸಿದ ಮೇಲೆ ತಂತಿ ಒರೆಸುವುದು. ತಂತಿಯ ಆಯುಷ್ಯ ಹೆಚ್ಚಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.
- ಬೇಸಿಗೆಯಲ್ಲಿ ಪಿಟೀಲನ್ನು ಕಾರಿನಲ್ಲಿ ಬಿಡಲೇಬೇಡಿ. ತಂತಿಯಲ್ಲ, ವಾದ್ಯವೇ ಹಾಳಾಗುತ್ತದೆ.

ಹಾಕುವಾಗ

ನಾಲ್ಕನ್ನೂ ಒಟ್ಟಿಗೆ ಬಿಚ್ಚಬಾರದು. ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಲೇ ಅದು ನಿಂತಿರುತ್ತದೆ. ವಾದ್ಯದ ಒಳಗಿನ ಪುಟ್ಟ ಕಡ್ಡಿಯೂ ಹಾಗೆಯೇ. ಒಂದನ್ನು ಬಿಚ್ಚಿ, ಹೊಸದನ್ನು ಹಾಕಿ, ನಂತರ ಮುಂದಿನದು. ತಂತಿ ಕೂರುವ ಗಾಡಿಗೆ ಪೆನ್ಸಿಲಿನ ಸೀಸ ತೀಡಿದರೆ ತಂತಿ ಸರಾಗವಾಗಿ ಜಾರುತ್ತದೆ. ಬಿರಡೆಯನ್ನು ನಿಧಾನವಾಗಿ ತಿರುಗಿಸಿ, ಕುದುರೆ ಮುಂದಕ್ಕೆ ಬಾಗದಂತೆ ನೋಡಿಕೊಳ್ಳಿ. ಬಿಗಿಯುವಾಗ ಮುಖ ದೂರವಿರಲಿ; ತುಂಡಾದ ತಂತಿ ಕಣ್ಣಿಗೆ ಅಪಾಯ. ಚಿಕ್ಕ ಮಕ್ಕಳು ದೊಡ್ಡವರ ಸಹಾಯ ಪಡೆಯಲಿ. ಕೃತಕ ನೂಲಿನ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಆದ್ದರಿಂದ ಕಾರ್ಯಕ್ರಮದ ಹಿಂದಿನ ದಿನ ಬದಲಾಯಿಸದೆ, ಒಂದು ವಾರ ಮೊದಲೇ ಬದಲಾಯಿಸಿ.

ಅಭ್ಯಾಸ

1. ಬಿರಡೆ, ಕುದುರೆ, ಕಮಾನು, ರಾಳ: ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿ.
2. "ಕುದುರೆ" ಪದಕ್ಕೆ ಎರಡು ಅರ್ಥ ಬರೆಯಿರಿ. "ತಂತಿ"ಗೆ ಎಷ್ಟು ಅರ್ಥಗಳಿವೆ ಎಂದು ಅಜ್ಜಿಗೆ ಫೋನ್ ಮಾಡಿ ಕೇಳಿ.
3. ಕಂಪನ ಸಂಖ್ಯೆ ಅರ್ಧವಾದರೆ ಬಿಗಿತ ಎಷ್ಟು ಪಾಲು ಉಳಿಯುತ್ತದೆ?
4. ನಿಮ್ಮ ಮನೆಯ ಪಿಟೀಲಿನ ತಂತಿ ಬದಲಾಯಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಇಡಿ. ನಿತ್ಯ ನುಡಿಸುವವರು ಸುಮಾರು ವರ್ಷಕ್ಕೊಮ್ಮೆಯಾದರೂ ಆ ಚೀಟಿ ನೋಡಬೇಕು.

ಪೋಷಕರಲ್ಲಿ ಒಂದು ವಿನಂತಿ. ಮಗುವಿಗೆ ಸಂಗೀತ ಬರುವುದಿಲ್ಲ ಎಂದು ತೀರ್ಮಾನಿಸುವ ಮುನ್ನ ಒಮ್ಮೆ ತಂತಿ ಬದಲಾಯಿಸಿ ಕೇಳಿ.