ಡಬ್ಬಿಯೊಳಗಿನ ಕಳ್ಳಿ: ಥಂಡಿಗೆ ಸಾಯೂದಿಲ್ಲ, ನಿಂತ ನೀರಿಗೆ ಸಾಯ್ತದ

ಏಪ್ರಿಲ್ ಬಂತೆಂದರೆ ನಮ್ಮ ಶಾಲೆಗೆ ರಜೆ. ಬಿಸಿಲು 42 ಡಿಗ್ರಿ ದಾಟುತ್ತದೆ, ಬೋರಿನ ನೀರು ಸಣ್ಣಾಗುತ್ತದೆ, ಒಂದೊಂದು ಕೊಡಕ್ಕೂ ಪಾಳಿ ಹಚ್ಚಬೇಕು. ಇಂಥದರಾಗ ಶಾಲೆಯ ಗುಲಾಬಿ ಕುಂಡಗಳಿಗೆ ನೀರು ಹಾಕುವವರು ಯಾರು? ಜೂನಿನಲ್ಲಿ ಬಂದು ನೋಡಿದರೆ ಒಣಕಡ್ಡಿ ಮಾತ್ರ. ರಜೆಯಲ್ಲಿಯೂ ಬದುಕುವ ಗಿಡ ಬೇಕೆಂದರೆ ಕಳ್ಳಿಯೇ ಸರಿ.

"ಕಳ್ಳಿ ಬೆಳೆಸಲಿಕ್ಕೂ ಪಾಠ ಬೇಕೇನು?" ಅಂತ ನಗಬ್ಯಾಡ್ರಿ. ಹೊಲದ ಬದುವಿನಲ್ಲಿ ತಾನಾಗಿಯೇ ಬೆಳೆಯುವ ಅದೇ ಕಳ್ಳಿ, ಡಬ್ಬಿಗೆ ಬಂದರೆ ಮಳೆಗಾಲದಲ್ಲಿ ಬುಡ ಕೊಳೆತು ಬೀಳುತ್ತದೆ.

ಮೊದಲು ಕಳ್ಳಿ ಯಾವುದು ಎಂದು ಗುರುತು ಹಿಡಿಯಬೇಕು. ಮುರಿದರೆ ಬಿಳಿ ಹಾಲು ಬರುವುದು ಬೇರೆ ಕುಲದ ಗಿಡ. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಅದನ್ನು ಮುಟ್ಟಬೇಡಿ. ನಮಗೆ ಬೇಕಾದದ್ದು ಪಾಪಾಸುಕಳ್ಳಿ. ಇದಕ್ಕೆ ಹಾಲಿಲ್ಲ, ಲೋಳೆ ಇದೆ. ಮುಳ್ಳುಗಳು ಮೆತ್ತನೆಯ ಸಣ್ಣ ಗಂಟಿನಿಂದ ಗುಂಪಾಗಿ ಹೊರಡುತ್ತವೆ. ನಾವು ಎಲೆ ಎನ್ನುವ ಆ ದಪ್ಪ ಹಾಳೆ ನಿಜವಾಗಿ ಕಾಂಡ, ಎಲೆಯೇ ಮುಳ್ಳಾಗಿದೆ. ಹಗಲು ಬಿಸಿಲಿನಲ್ಲಿ ಅದು ತನ್ನ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ಅದಕ್ಕೇ ಒಳಗಿನ ನೀರು ಉಳಿಯುತ್ತದೆ.

ಇದು ಬಿಸಿಲು ನಾಡಿನ ಗಿಡ, ಹೊರಗಿಟ್ಟರೆ ಥಂಡಿಗೆ ಸಾಯುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದರದೇ ಜಾತಿಯ ಒಂದು ಸಣ್ಣ ಕಳ್ಳಿ ಕೆನಡಾ ದೇಶದಲ್ಲಿ, ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಬದುಕುತ್ತದೆ. ಚಳಿಗಾಲಕ್ಕೆ ಮುಂಚೆ ಅದು ಮೈಯೊಳಗಿನ ನೀರು ಕಡಿಮೆ ಮಾಡಿಕೊಂಡು ಸುಕ್ಕಾಗಿ ನೆಲಕ್ಕೆ ಒರಗುತ್ತದೆ. ಒಳಗಿನ ರಸ ಗಟ್ಟಿಯಾಗುವುದರಿಂದ ಹಿಮ ಬಿದ್ದರೂ ಜೀವಕೋಶ ಒಡೆಯುವುದಿಲ್ಲ. ಆ ದೇಶಗಳಲ್ಲಿ ಕುಂಡಗಳಲ್ಲಿ ಬೆಳೆಸುವವರು ಚಳಿಗಾಲದಲ್ಲಿ ಮೇಲೊಂದು ಗಾಜಿನ ಮುಚ್ಚಿಗೆ ಹಾಕುತ್ತಾರೆ. ಅದು ಚಳಿ ತಡೆಯಲಿಕ್ಕಲ್ಲ, ಹಸಿ ತಡೆಯಲಿಕ್ಕೆ! ನಮ್ಮಲ್ಲಿ ಡಿಸೆಂಬರಿನ ರಾತ್ರಿ ಸುಮಾರು 15 ಡಿಗ್ರಿ, ಒಮ್ಮೊಮ್ಮೆ ಇನ್ನಷ್ಟು ಕೆಳಗೆ. ಪಾಪಾಸುಕಳ್ಳಿಗೆ ಅದು ಲೆಕ್ಕಕ್ಕಿಲ್ಲ. ಆದರೆ ವರ್ಷದ ಮಳೆಯ ಮುಕ್ಕಾಲು ಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ನಮ್ಮ ಕುಂಡಕ್ಕೆ ಮರೆ ಬೇಕಾದದ್ದು ಆಗ.

ಈಗ ಮಣ್ಣಿನ ಮಾತು. ನಮ್ಮ ಎರೆಮಣ್ಣು ತೊಗರಿಗೆ, ಜೋಳಕ್ಕೆ ಬಂಗಾರ, ಡಬ್ಬಿಯ ಕಳ್ಳಿಗೆ ವಿಷ. ನೀರು ಕುಡಿದು ಉಬ್ಬುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಒಣಗಿದರೆ ಬಿರಿದು ಡಬ್ಬಿಯ ಅಂಚು ಬಿಡುತ್ತದೆ, ಹಾಕಿದ ನೀರು ಆ ಸಂದಿಯಿಂದ ಹರಿದು ಹೋಗುತ್ತದೆ. ಒಂದು ಪಾಲು ಮಣ್ಣಿಗೆ ಎರಡು ಪಾಲು ಗರಸು, ಉಸುಕು ಕೂಡಿಸಿರಿ. ಸೇಡಂ, ಚಿತ್ತಾಪುರ ಕಡೆಯವರಿಗೆ ಕಾಗಿಣಾ ಹೊಳೆಯ ಉಸುಕು ಗೊತ್ತೇ ಇದೆ, ನಮಗೆ ಒಂದು ಬೊಗಸೆ ಸಾಕು. ಚಿಂಚೋಳಿ ಕಡೆ ಕೆಂಪು ಗರಸು ಸಿಗುತ್ತದೆ, ಅದು ಎಲ್ಲಕ್ಕಿಂತ ಒಳ್ಳೆಯದು. ಶಹಾಬಾದ, ವಾಡಿ ಕಡೆ ಫರಸಿ ಕಲ್ಲಿನ ಚೂರು ಬೇಕಾದಷ್ಟಿವೆ. ಆದರೆ ಅದು ಸುಣ್ಣದ ಕಲ್ಲು. ಪಾಪಾಸುಕಳ್ಳಿ ತಾಳಿಕೊಳ್ಳುತ್ತದೆ. ಪ್ಯಾಟಿಯಿಂದ ತಂದ ದುಂಡನೆಯ ಸಣ್ಣ ಕಳ್ಳಿಗಳಿಗೆ ಮಾತ್ರ ಅಷ್ಟು ಸುಣ್ಣ ಹಿತವಲ್ಲ.

ಕುಂಡವೇ ಬೇಕೆಂದಿಲ್ಲ, ಒಡಕು ಗಡಿಗೆ ಆದರೂ ನಡೆಯುತ್ತದೆ. ಎಣ್ಣೆ ಡಬ್ಬಿಯಾದರೆ ಮೊಳೆಯಿಂದ ತಳಕ್ಕೆ ಐದಾರು ತೂತು ಹೊಡೆಯಲೇಬೇಕು. ತಗಡು ಬಿಸಿಲಿಗೆ ಕಾದು ಬೇರು ಬೇಯಿಸುತ್ತದೆ, ಆದ್ದರಿಂದ ಸುತ್ತ ಹಳೆ ಗೋಣಿಚೀಲ ಸುತ್ತಿರಿ. ಫರಸಿ ಹಾಸಿದ ಅಂಗಳವೂ ಕಾಯುತ್ತದೆ. ಎರಡು ಇಟ್ಟಂಗಿಯ ಮೇಲೆ ಇಟ್ಟರೆ ಕೆಳಗಿನ ತೂತೂ ಮುಚ್ಚುವುದಿಲ್ಲ.

ಸಸಿ ಕೊಂಡು ತರುವುದು ಬೇಡ. ವರ್ಷ ತುಂಬಿದ ಒಂದು ಹಾಳೆಯನ್ನು ಕೀಲಿನಲ್ಲಿ ಕೊಯ್ದು, ನೆರಳಿನಲ್ಲಿ 8-10 ದಿನ ಒಣಗಿಸಿರಿ. ಗಾಯ ಮಾಯ್ದ ಮೇಲೆ ಎರಡು ಅಂಗುಲ ಆಳಕ್ಕೆ ನಿಲ್ಲಿಸಿ, ಕಲ್ಲಿನ ಆಸರೆ ಕೊಡಿರಿ. ಒಂದು ವಾರ ನೀರು ಹಾಕಕೂಡದು. ಬಹಳ ಮಂದಿ ಇಲ್ಲೇ ಅವಸರ ಮಾಡುತ್ತಾರೆ. ಇಕ್ಕಳದಿಂದ ಹಿಡಿಯಿರಿ, ಕೂದಲಿನಂಥ ಸಣ್ಣ ಮುಳ್ಳೇ ದೊಡ್ಡ ಮುಳ್ಳಿಗಿಂತ ಕಾಡುತ್ತದೆ.

ಬೇರು ಹಿಡಿದ ಮೇಲೆ ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ, ಥಂಡಿಯಲ್ಲಿ ತಿಂಗಳಿಗೊಮ್ಮೆ ಒಂದು ತಂಬಿಗೆ ನೀರು ಸಾಕು. ಮಳೆಗಾಲದಲ್ಲಿ ಸೂರಿನ ಕೆಳಗಿಡಿ. ರಜೆಯ ಹಿಂದಿನ ದಿನ ನೀರು ಕುಡಿಸಿ, ಮಧ್ಯಾಹ್ನ ನೆರಳು ಬೀಳುವ ಪೂರ್ವದ ಗೋಡೆಗೆ ಸರಿಸಿ ಹೋದರಾಯಿತು. ಜೂನಿನಲ್ಲಿ ಸ್ವಲ್ಪ ಸುಕ್ಕಾಗಿದ್ದರೆ ಹೆದರಬೇಡಿ.

ಹಾಳೆಯ ಮೇಲೆ ಅರಳೆಯಂಥ ಬಿಳಿ ಚುಕ್ಕೆ ಕಂಡರೆ ಒರೆಸಿ ನೋಡಿರಿ, ಕೆಂಪು ಬಣ್ಣ ಬಂದರೆ ಅದು ಹುಳು. ಇದರ ಕತೆ ಮಜವಾಗಿದೆ. 1795ರಲ್ಲಿ ಬಣ್ಣ ತೆಗೆಯುವ ಹುಳುವೆಂದು ಬ್ರೆಜಿಲ್‌ನಿಂದ ಭಾರತಕ್ಕೆ ತಂದದ್ದು ಬೇರೆಯೇ ಹುಳು. ಬಣ್ಣ ಸರಿಯಾಗಿ ಬರಲಿಲ್ಲ, ಒಂದು ಜಾತಿಯ ಕಳ್ಳಿಯನ್ನೇ ಅದು ತಿಂದು ಹಾಕಿತು. ಮುಂದೆ 1926ರಲ್ಲಿ, ಹೊಲಗಳನ್ನು ಮುತ್ತಿದ ಇನ್ನೊಂದು ಪಾಪಾಸುಕಳ್ಳಿಯನ್ನು ನಾಶಮಾಡಲೆಂದೇ ಇದರ ಬಳಗದ ಮತ್ತೊಂದು ಹುಳುವನ್ನು ಸಿಂಹಳದಿಂದ ತರಿಸಿದರು. ನಮ್ಮ ಡಬ್ಬಿಗೆ ಬಂದರೆ ಸಾಬೂನಿನ ನೀರಿನಲ್ಲಿ ಹಳೆ ಬ್ರಶ್ ಅದ್ದಿ ತಿಕ್ಕಿದರೆ ಸಾಕು. ಮುರಿದ ಹಾಳೆಯನ್ನು ಹೊಲಕ್ಕೆ ಎಸೆಯಬೇಡಿ, ಬಿದ್ದಲ್ಲೇ ಬೇರು ಬಿಡುತ್ತದೆ.

ಒಂದು ಪ್ರಯೋಗ: ತೂತು ಹೊಡೆದ ಎರಡು ಸಮನಾದ ಡಬ್ಬಿ ತೆಗೆದುಕೊಳ್ಳಿರಿ. ಒಂದರಲ್ಲಿ ಬರೀ ಎರೆಮಣ್ಣು, ಇನ್ನೊಂದರಲ್ಲಿ ಮೇಲೆ ಹೇಳಿದ ಮಿಶ್ರಣ ತುಂಬಿ, ಎರಡಕ್ಕೂ ಒಂದೊಂದು ತಂಬಿಗೆ ನೀರು ಹಾಕಿರಿ. ಕೆಳಗಿನಿಂದ ನೀರು ತೊಟ್ಟಿಕ್ಕುವುದು ನಿಲ್ಲಲು ಎಷ್ಟು ನಿಮಿಷ ಹಿಡಿಯಿತು, ಮಾರನೆಯ ದಿನ ಯಾವ ಮಣ್ಣು ಇನ್ನೂ ಕೈಗೆ ಅಂಟುತ್ತದೆ ಎಂದು ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಅಂಟಿಸಿರಿ.