ಗಣಕ ವ್ಯವಸ್ಥೆಯ ನಿರ್ವಹಣೆ: ಪರಿಣತಿಯನ್ನು ಅಳೆಯುವ ಬಗೆ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಭಜನೆಗೊಂಡಾಗ ಬೀದರ ಜಿಲ್ಲೆಯ ನಾರಾಯಣಖೇಡ ಹಾಗೂ ಜಹೀರಾಬಾದ್, ಗುಲ್ಬರ್ಗ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ಅವು ತೆಲಂಗಾಣದಲ್ಲಿವೆ. ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವ ಇಂಥ ಗಡಿಯೂರಿನಲ್ಲಿ ಗಣಕ ವ್ಯವಸ್ಥೆಯ ನಿರ್ವಾಹಕನಾಗಬಯಸುವ ಕನ್ನಡ ವಿದ್ಯಾರ್ಥಿಯು ತನ್ನ ಪರಿಣತಿಯನ್ನು ಅಳೆದುಕೊಳ್ಳುವುದು ಹೇಗೆ?

ಸೇವೆಯ ವರ್ಷಗಳಾಗಲಿ ಪ್ರಮಾಣಪತ್ರಗಳಾಗಲಿ ಇದಕ್ಕೆ ಸಾಕಾದ ಅಳತೆಗೋಲಲ್ಲ. ಅಮೆರಿಕದ ಯೂಸೆನಿಕ್ಸ್ ಸಂಸ್ಥೆಯ ‘ಸೇಜ್’ ಎಂಬ ನಿರ್ವಾಹಕರ ಬಳಗವು ಈ ವೃತ್ತಿಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತ್ತು. ಹಳಗನ್ನಡದ ಓದಿಗೂ ಇಂಥ ಹಂತಗಳುಂಟು: ಗುರುವಿನ ನೆರವಿನಿಂದ ಓದುವುದು, ನಿಘಂಟು ಹಿಡಿದು ತಾನೇ ಓದುವುದು, ಪಾಠದೋಷವನ್ನು ಗುರುತಿಸಿ ತಿದ್ದುವುದು, ಇತರರಿಗೆ ಕಲಿಸುವುದು.

ಒಂದು ನಿದರ್ಶನವನ್ನು ನೋಡಬಹುದು. ಶಾಲೆಯೊಂದರಲ್ಲಿ ಹಳೆಯ ‘ನುಡಿ’ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತವು ಹೊಸ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಮೊದಲ ಹಂತದವನು ಹಿರಿಯರನ್ನು ಕರೆಯುತ್ತಾನೆ. ಎರಡನೆಯವನು ಲಿಖಿತ ಸೂಚನೆಯಂತೆ ಆ ಅಕ್ಷರಶೈಲಿಯನ್ನು ಅಳವಡಿಸುತ್ತಾನೆ. ಮೂರನೆಯವನು ಕಾರಣವನ್ನು ಬಲ್ಲನು: ಆ ಶೈಲಿಯಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕುಳಿತಿವೆ. ಆದ್ದರಿಂದ ಅವನು ಮೂಲವನ್ನು ಕಾದಿರಿಸಿ, ಪ್ರತಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಎರಡನ್ನೂ ಸಾಲುಸಾಲಾಗಿ ಹೋಲಿಸುತ್ತಾನೆ. ನಾಲ್ಕನೆಯವನು ಉಳಿದ ಕಡತಗಳನ್ನೂ ಹುಡುಕಿ, ಮುಂದೆ ಈ ತೊಡಕು ಮರುಕಳಿಸದಂತೆ ನಿಯಮವನ್ನು ಬರೆದಿಟ್ಟು, ಸಿಬ್ಬಂದಿಗೆ ತಿಳಿಸಿಕೊಡುತ್ತಾನೆ.

ಈ ಹೋಲಿಕೆಯ ಕೆಲಸದಲ್ಲಿ ಭಾಷಾಜ್ಞಾನವೇ ವೃತ್ತಿಜ್ಞಾನವಾಗುತ್ತದೆ. ಯೂನಿಕೋಡ್‌ನಲ್ಲಿ ತೆಲುಗು, ಕನ್ನಡಗಳಿಗೆ ಅಕ್ಕಪಕ್ಕದಲ್ಲಿ ತಲಾ 128 ಸ್ಥಾನಗಳು ಮೀಸಲಾಗಿವೆ. ‘ಸೂರ್ಯ’ ಎಂಬ ಪದವನ್ನು ಅರ್ಕಾವೊತ್ತಿನಿಂದಲೂ ಬರೆಯಬಹುದು, ರಕಾರವನ್ನು ಪೂರ್ಣವಾಗಿರಿಸಿ ಯಕಾರವನ್ನು ಒತ್ತಾಗಿಯೂ ಬರೆಯಬಹುದು. ಎರಡನೆಯ ರೂಪದಲ್ಲಿ ಕಣ್ಣಿಗೆ ಕಾಣದ ಸಂಕೇತವೊಂದು ಸೇರುವುದರಿಂದ, ಒಂದು ರೂಪವನ್ನು ಹುಡುಕಿದಾಗ ಇನ್ನೊಂದು ಸಿಗದೆ ಹೋಗಬಹುದು. ವಿದ್ಯಾರ್ಥಿಯ ಹೆಸರಿನಲ್ಲಿ ಹೀಗಾದರೆ ಅವನ ದಾಖಲೆಯೇ ಇಲ್ಲವೆಂಬ ಉತ್ತರ ಬರುತ್ತದೆ. ಹಳಗನ್ನಡದ ೞಕಾರಕ್ಕಂತೂ ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದು, ತಿದ್ದುಪಡಿ ಪಕ್ಕದಲ್ಲಿ ದಾಖಲಾಗಿದೆ. ಇಂಥ ತಪ್ಪನ್ನು ಗುರುತಿಸಲು ಕನ್ನಡ ಬಲ್ಲವರೇ ಬೇಕು.

ಮುಂದಿನ ಹಂತಕ್ಕೇರಲು ಮೂರು ಅಭ್ಯಾಸಗಳು ನೆರವಾಗುತ್ತವೆ. ಮೊದಲನೆಯದು ದಿನಚರಿ: ಬಂದ ತೊಂದರೆ, ಊಹಿಸಿದ ಕಾರಣ, ನಿಜವಾದ ಕಾರಣ ಇವನ್ನು ಬರೆದಿಡುವುದು. ಊಹೆಗೂ ನಿಜಕ್ಕೂ ಇರುವ ಅಂತರ ಕುಗ್ಗುತ್ತಾ ಬಂದರೆ ಪರಿಣತಿ ಬೆಳೆಯುತ್ತಿದೆ ಎಂದರ್ಥ. ಎರಡನೆಯದು ಮರುಸ್ಥಾಪನೆಯ ಪರೀಕ್ಷೆ: ಕಾದಿರಿಸಿದ ಪ್ರತಿಯಿಂದ ತಿಂಗಳಿಗೊಮ್ಮೆ ಒಂದು ಕಡತವನ್ನು ಬೇರೊಂದು ಗಣಕದಲ್ಲಿ ತೆರೆದು ನೋಡುವುದು. ತೆರೆಯದ ಪ್ರತಿ ಇದ್ದೂ ಇಲ್ಲದಂತೆ. ಮೂರನೆಯದು ಬೋಧನೆ: ತಾನು ಮಾಡಿದ್ದನ್ನು ಹೊಸಬನೊಬ್ಬನು ಬರಹ ನೋಡಿಯೇ ಮಾಡುವಂತೆ ತಿಳಿಯಾಗಿ ಬರೆಯುವುದು.

ನಿರ್ವಾಹಕನು ಒಂದು ವಾರ ರಜೆಯಲ್ಲಿದ್ದಾಗಲೂ ಶಾಲೆಯ ದಾಖಲೆಗಳು ಕನ್ನಡದಲ್ಲೇ ತೆರೆದುಕೊಂಡರೆ, ಅವನು ನಾಲ್ಕನೆಯ ಹಂತವನ್ನು ಮುಟ್ಟಿದನೆಂದು ತಿಳಿಯಬಹುದು.